ಝೆಡ್ ಮತ್ತು ಲೀನ್: ಉದ್ಯಮಬಾಗದ ಫೌಂಡ್ರಿಗೆ ಯಾವುದು ಎಷ್ಟು ದಕ್ಕುತ್ತದೆ

ಆಫೀಸಿನ ಗೋಡೆಯ ಮೇಲೆ ಐಎಸ್‌ಒ ಪ್ರಮಾಣಪತ್ರದ ಪಕ್ಕಕ್ಕೆ ಝೆಡ್ ಪ್ರಮಾಣಪತ್ರವೂ ತೂಗುತ್ತಿರುವುದು ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಈಗ ಹೊಸದೇನಲ್ಲ. ಆ ಗೋಡೆಯ ಆಚೆ ಬದಿಗೆ ಹೋದರೆ ಎರಡು ಬಗೆಯ ಫೌಂಡ್ರಿಗಳು, ಅಂದರೆ ಲೋಹ ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆಗಳು, ಕಾಣುತ್ತವೆ. ನಿನ್ನೆ ರಿಜೆಕ್ಟ್ ಆದ ಕಾಸ್ಟಿಂಗ್ (ಎರಕದ ಮಾಲು) ಎಷ್ಟು, ಯಾಕೆ ಎಂದು ಕೇಳಿದರೆ ಒಂದು ಕಡೆ ಸುಪರ್‌ವೈಸರ್ ಬೋರ್ಡ್ ತೋರಿಸುತ್ತಾನೆ, ಇನ್ನೊಂದು ಕಡೆ ಮಾಲಕರ ಮುಖ ನೋಡುತ್ತಾನೆ. ಪ್ರಮಾಣಪತ್ರ ಮಾತ್ರ ಎರಡೂ ಕಡೆ ಒಂದೇ.

ಕೇಂದ್ರದ ಎಂಎಸ್‌ಎಂಇ ಸಚಿವಾಲಯ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಕೊಡುವ ಎರಡು ಸೇವೆಗಳ ವಿಮರ್ಶೆ ಇದು. ಒಂದು ಝೆಡ್ (ಝೀರೊ ಡಿಫೆಕ್ಟ್, ಝೀರೊ ಎಫೆಕ್ಟ್), ಅಂದರೆ ಮಾಲಿನಲ್ಲಿ ದೋಷ ಇರಬಾರದು, ಪರಿಸರಕ್ಕೆ ಪೆಟ್ಟು ಬೀಳಬಾರದು ಎನ್ನುವ ಪ್ರಮಾಣೀಕರಣ. 2016ರಲ್ಲಿ ಶುರುವಾಗಿ 2022ರ ಏಪ್ರಿಲ್ 28ರಂದು ಹೊಸ ರೂಪದಲ್ಲಿ ಬಂತು. ಇನ್ನೊಂದು 2023ರ ಮಾರ್ಚ್ 10ರಂದು ಆರಂಭವಾದ ಕಾಂಪಿಟಿಟಿವ್ ಲೀನ್ ಯೋಜನೆ, ಅಂದರೆ ಸಲಹೆಗಾರರನ್ನು ಕೊಟ್ಟು ಕೆಲಸದಲ್ಲಿನ ದುಂದು ತಗ್ಗಿಸಲು ಕಲಿಸುವುದು. ಎರಡನ್ನೂ ಒಂದೇ ಅಂಗಡಿಯ ಎರಡು ಸಾಮಾನು ಅಂತ ನೋಡುವವರೇ ಹೆಚ್ಚು. ಹಾಗಲ್ಲ. ಝೆಡ್ ಪರೀಕ್ಷೆ, ಲೀನ್ ಟ್ಯೂಷನ್. ಉದ್ಯಮಬಾಗದಲ್ಲಿ ಬಹಳ ಮಂದಿ ಟ್ಯೂಷನ್ ಬಿಟ್ಟು ನೇರ ಪರೀಕ್ಷೆಗೆ ಕೂಡುತ್ತಾರೆ. ಪರೀಕ್ಷೆಯ ಮೊದಲ ಮೆಟ್ಟಿಲು ಸುಲಭ ಇರುವುದರಿಂದ ಪಾಸೂ ಆಗುತ್ತಾರೆ.

ಮೊದಲು ದುಡ್ಡಿನ ಮಾತು

ಝೆಡ್‌ನಲ್ಲಿ ಮೂರು ಮೆಟ್ಟಿಲು: ಬ್ರಾಂಜ್, ಸಿಲ್ವರ್, ಗೋಲ್ಡ್. ಮೂಲ ಶುಲ್ಕ ಕ್ರಮವಾಗಿ 10,000, 40,000 ಮತ್ತು 90,000 ರೂಪಾಯಿ. ಇದರಲ್ಲಿ ಸೂಕ್ಷ್ಮ ಘಟಕಕ್ಕೆ ಶೇ 80, ಸಣ್ಣ ಘಟಕಕ್ಕೆ ಶೇ 60, ಮಧ್ಯಮಕ್ಕೆ ಶೇ 50 ಸಬ್ಸಿಡಿ. ಸೂಕ್ಷ್ಮ ಘಟಕದ ಜೇಬಿನಿಂದ ಹೋಗುವುದು ಬ್ರಾಂಜ್‌ಗೆ 2,000, ಸಿಲ್ವರ್‌ಗೆ 8,000, ಗೋಲ್ಡ್‌ಗೆ 18,000. ಸಣ್ಣ ಘಟಕವಾದರೆ 4,000, 16,000, 36,000. ಪರಿಶಿಷ್ಟ ಜಾತಿ, ಪಂಗಡದವರ ಮಾಲಕತ್ವದ ಘಟಕಕ್ಕೆ ಇನ್ನೂ ಶೇ 10 ರಿಯಾಯಿತಿ. ಮಹಿಳೆಯರ ಮಾಲಕತ್ವದ್ದಾದರೆ ಶುಲ್ಕ ಪೂರ್ತಿ ಮಾಫಿ. ಇವಲ್ಲದೆ, ಝೆಡ್ ಪಾಲಿಸುತ್ತೇವೆ ಎಂಬ ಪ್ರತಿಜ್ಞೆ ತೆಗೆದುಕೊಂಡವರಿಗೆ 10,000 ರೂಪಾಯಿಯ ಸೇರ್ಪಡೆ ಕೊಡುಗೆ ಉಂಟು. ಅದು ಕೈಗೆ ಬರುವ ಹಣವಲ್ಲ, ಶುಲ್ಕಕ್ಕೆ ಹೊಂದಿಸಿಕೊಳ್ಳಲು ಮಾತ್ರ. ಹೀಗಾಗಿ ಬ್ರಾಂಜ್ ಹೆಚ್ಚುಕಡಿಮೆ ಪುಕ್ಕಟೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ದರ ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಲೀನ್‌ನಲ್ಲಿ ಬೇಸಿಕ್ ಪುಕ್ಕಟೆ. ಇಂಟರ್ಮೀಡಿಯೆಟ್ ಮತ್ತು ಅಡ್ವಾನ್ಸ್‌ಡ್ ಹಂತದಲ್ಲಿ ಸಲಹೆಗಾರರ ಖರ್ಚಿನ ಶೇ 90 ಭಾಗವನ್ನು ಸರಕಾರ ಕೊಡುತ್ತದೆ, ಶೇ 10 ಘಟಕದ್ದು. ಇದರ ಹಿಂದಿನ ಅವತಾರದಲ್ಲಿ ಸರಕಾರದ ಪಾಲು ಶೇ 80 ಇತ್ತು.

2025ರ ಏಪ್ರಿಲ್ 1ರಿಂದ ವರ್ಗೀಕರಣವೂ ಬದಲಾಗಿದೆ. ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿಯೊಳಗೆ ಇದ್ದರೆ ಸೂಕ್ಷ್ಮ; 25 ಕೋಟಿ ಮತ್ತು 100 ಕೋಟಿಯವರೆಗೆ ಸಣ್ಣ; 125 ಕೋಟಿ ಮತ್ತು 500 ಕೋಟಿಯವರೆಗೆ ಮಧ್ಯಮ. ಕಂಪ್ಯೂಟರ್ ನಡೆಸುವ ಮಶೀನುಗಳಾದ ಎರಡು ಸಿಎನ್‌ಸಿ, ಒಂದು ವಿಎಂಸಿ ಇಟ್ಟುಕೊಂಡು ನಾವು ಸಣ್ಣ ಉದ್ಯಮದವರು ಎನ್ನುತ್ತಿದ್ದವರು ಈಗ ಕಾಗದದ ಮೇಲೆ ಸೂಕ್ಷ್ಮ. ಮಾನಕ್ಕೆ ಕಡಿಮೆ ಅನಿಸಬಹುದು, ಸಬ್ಸಿಡಿಗೆ ಲಾಭ.

ಅರ್ಜಿ ಸಿಕ್ಕಿಬೀಳುವ ಜಾಗಗಳು

ಪೋರ್ಟಲ್ ಕೆಲಸ ಮಾಡುತ್ತದೆ. ತಕರಾರು ಬರುವುದು ಬಹುಪಾಲು ನಮ್ಮ ಕಡೆಯ ದಾಖಲೆಗಳಿಂದ. ಉದ್ಯಮ್ ನೋಂದಣಿ (ಎಂಎಸ್‌ಎಂಇ ಘಟಕದ ಸರಕಾರಿ ನೋಂದಣಿ) ಮಾಡಿಸಿದ್ದು ಅಕೌಂಟೆಂಟ್ ಆಫೀಸಿನ ಹುಡುಗ, ಮೊಬೈಲ್ ನಂಬರ್ ಅವನದೇ. ಈಗ ಓಟಿಪಿ ಅವನಿಗೆ ಹೋಗುತ್ತದೆ, ಅವನು ಕೆಲಸ ಬಿಟ್ಟು ಎರಡು ವರ್ಷವಾಗಿದೆ. ಮೊದಲು ಇದನ್ನು ಸರಿಮಾಡಿಕೊಳ್ಳಬೇಕು.

ಎರಡನೆಯದು ಎನ್‌ಐಸಿ ಕೋಡ್, ಅಂದರೆ ಘಟಕ ಯಾವ ಬಗೆಯ ಉದ್ಯಮ ಎಂದು ಹೇಳುವ ಸಂಖ್ಯೆ. ಝೆಡ್ ಇರುವುದು ತಯಾರಿಕಾ ಘಟಕಗಳಿಗೆ. ಬೇರೆಯವರ ಕಾಸ್ಟಿಂಗ್ ತಂದು ಮಶೀನಿಂಗ್ ಮಾಡಿಕೊಡುವ ಜಾಬ್‌ವರ್ಕ್ ಘಟಕಗಳು ಉದ್ಯಮ್‌ನಲ್ಲಿ ‘ಸೇವೆ’ ಎಂದು ಟಿಕ್ ಹಾಕಿಸಿಕೊಂಡು ಕೂತಿರುತ್ತವೆ. ಲೋಹದ ಮಶೀನಿಂಗ್ ತಯಾರಿಕೆಯ ವರ್ಗದಲ್ಲೇ ಇದೆ, ಗುಂಪು 2592. ಕಬ್ಬಿಣ ಮತ್ತು ಉಕ್ಕಿನ ಎರಕ 2431. ಕೋಡ್ ತಿದ್ದಿಸಿದ ಮೇಲೆ ಅರ್ಜಿಗೆ ಕೈಹಾಕಬೇಕು. ಪ್ಯಾನ್‌ನಲ್ಲಿ ಇರುವ ಹೆಸರು, ಜಿಎಸ್‌ಟಿಯಲ್ಲಿ ಇರುವ ಹೆಸರು, ಗೇಟಿನ ಬೋರ್ಡಿನ ಮೇಲಿನ ಹೆಸರು ಮೂರೂ ಒಂದೇ ಇರಲಿ. ‘ಇಂಡಸ್ಟ್ರೀಸ್’ ಒಂದು ಕಡೆ, ‘ಎಂಜಿನಿಯರಿಂಗ್ ವರ್ಕ್ಸ್’ ಇನ್ನೊಂದು ಕಡೆ ಇದ್ದರೆ ಫೋಟೊ ನೋಡುವವರಿಗೆ ಅನುಮಾನ ಬರುವುದು ಸಹಜ.

ಬ್ರಾಂಜ್‌ನ ಯೋಗ್ಯತೆ

ಬ್ರಾಂಜ್‌ನಲ್ಲಿ ಐದೇ ಅಂಶ: ನಾಯಕತ್ವ, ಸ್ವಚ್ಛ ಕೆಲಸದ ಜಾಗ, ಸುರಕ್ಷತೆ, ಸಮಯಕ್ಕೆ ಸರಿಯಾಗಿ ಮಾಲು ಕೊಡುವುದರ ಅಳತೆ, ಗುಣಮಟ್ಟ ನಿರ್ವಹಣೆ. ದಾಖಲೆ ಮತ್ತು ಫೋಟೊ ಏರಿಸಬೇಕು, ಪರಿಶೀಲನೆ ದೂರದಿಂದಲೇ. ಇಲ್ಲಿಯೇ ಅದರ ಬಲ, ಇಲ್ಲಿಯೇ ದೌರ್ಬಲ್ಯ.

ಬಲ ಏನೆಂದರೆ ಹತ್ತು ಜನರ ವರ್ಕ್‌ಶಾಪ್ ಕೂಡ ಹೆದರದೆ ಒಳಗೆ ಕಾಲಿಡಬಹುದು. ಹಳದಿ ಪಟ್ಟಿ ಹೊಡೆಯಬೇಕು, ಅಗ್ನಿಶಾಮಕ ಸಿಲಿಂಡರ್‌ನ ತಾರೀಖು ನೋಡಬೇಕು, ಡೆಲಿವರಿ ಯಾವತ್ತು ಹೇಳಿದ್ದೆವು, ಯಾವತ್ತು ಕೊಟ್ಟೆವು ಎಂದು ಎರಡು ಕಾಲಂ ಬರೆಯಬೇಕು. ಈ ಎರಡು ಕಾಲಂ ಒಂದೇ ಬ್ರಾಂಜ್‌ನ ಶ್ರಮಕ್ಕೆ ಸಾಕಷ್ಟು ಪ್ರತಿಫಲ. ತಡವಾಗುವುದಕ್ಕೆ ಕರೆಂಟ್ ಹೋಗುವುದೇ ಕಾರಣ ಎಂದು ಎಲ್ಲರೂ ನಂಬಿರುತ್ತಾರೆ. ಮೂರು ತಿಂಗಳ ಕಾಲಂ ಎದುರಿಗೆ ಇಟ್ಟುಕೊಂಡರೆ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ರಿಪೇರಿ, ಕೋರ್ (ಮಾಲಿನೊಳಗೆ ಟೊಳ್ಳು ಉಳಿಸುವ ಮರಳಿನ ಗಟ್ಟಿ) ಕೊರತೆ, ಫೆಟ್ಲಿಂಗ್‌ನಲ್ಲಿ (ಕಾಸ್ಟಿಂಗ್ ಉಜ್ಜಿ ಸ್ವಚ್ಛ ಮಾಡುವಲ್ಲಿ) ಬಿದ್ದಿರುವ ರಾಶಿ ಕಣ್ಣಿಗೆ ಬೀಳುತ್ತವೆ.

ದೌರ್ಬಲ್ಯ ಏನೆಂದರೆ ಫೋಟೊಗೆ ಹೆಲ್ಮೆಟ್ ಸಾಕು, ತಲೆ ಬೇಕಿಲ್ಲ. ಗೂಟಕ್ಕೆ ಸಾಲಾಗಿ ತೂಗಿದ ಹತ್ತು ಹೆಲ್ಮೆಟ್ ಚಿತ್ರದಲ್ಲಿ ಚೆಂದ ಕಾಣುತ್ತವೆ. ಫೌಂಡ್ರಿಯಲ್ಲಿ ಜೀವ ತೆಗೆಯುವುದು ಬೇರೆ: ಇಂಡಕ್ಷನ್ ಭಟ್ಟಿಗೆ ಬೀಳುವ ಒದ್ದೆ ಸ್ಕ್ರ್ಯಾಪ್ ಮತ್ತು ಎರಡೂ ತುದಿ ಮುಚ್ಚಿದ ಪೈಪ್. ಒಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಕರಗಿದ ಲೋಹವನ್ನೇ ಮೇಲಕ್ಕೆ ಎಸೆಯುತ್ತದೆ. ಸ್ಕ್ರ್ಯಾಪ್ ರಾಶಿ ತಗಡಿನ ಸೂರಿನಡಿ ಇದೆಯೆ, ಹಳೆಯ ಶಾಕ್ ಅಬ್ಸಾರ್ಬರ್, ಮುಚ್ಚಿದ ಸಿಲಿಂಡರ್‌ಗಳನ್ನು ಬೇರೆ ಮಾಡಿ ಕತ್ತರಿಸುವವರು ಇದ್ದಾರೆಯೆ ಎಂಬುದನ್ನು ಯಾವ ಫೋಟೊವೂ ಹೇಳುವುದಿಲ್ಲ. ಬ್ರಾಂಜ್ ಮಾಡಿಸುವವರು ಆ ಪಟ್ಟಿಯ ಆಚೆಗೆ ಈ ಎರಡನ್ನು ತಾವೇ ಸೇರಿಸಿಕೊಳ್ಳಬೇಕು.

ಆರ್ಡರ್ ವಿಷಯದಲ್ಲಿ ಭ್ರಮೆ ಬೇಡ. ಗಿರಾಕಿ ಕೇಳುವುದು ಐಎಸ್‌ಒ 9001, ವಾಹನದ ಬಿಡಿಭಾಗವಾದರೆ ಐಎಟಿಎಫ್ 16949. ಬ್ರಾಂಜ್ ತೋರಿಸಿ ಹೊಸ ಗಿರಾಕಿ ಹಿಡಿಯುತ್ತೇವೆ ಎಂದುಕೊಂಡರೆ ನಿರಾಸೆ ಖಚಿತ. ಉಪಯೋಗ ಇರುವುದು ಬೇರೆ ಕಡೆ: ಕೆಲವು ಬ್ಯಾಂಕುಗಳಲ್ಲಿ ಸಾಲದ ಪ್ರೊಸೆಸಿಂಗ್ ಶುಲ್ಕದ ರಿಯಾಯಿತಿ, ಉತ್ಪನ್ನದ ಪರೀಕ್ಷೆ ಮತ್ತು ಪ್ರಮಾಣೀಕರಣದ ಖರ್ಚಿನಲ್ಲಿ ಶೇ 75ರವರೆಗೆ, ಗರಿಷ್ಠ 50,000 ರೂಪಾಯಿ ನೆರವು. ಈ ಎರಡನೆಯದನ್ನು ಬಳಸುವವರು ಕಡಿಮೆ. ಐಎಸ್ 210ರ ಗ್ರೇ ಐರನ್, ಐಎಸ್ 1865ರ ಎಸ್‌ಜಿ ಐರನ್ (ಗುಂಡು ಗ್ರಾಫೈಟ್ ಇರುವ ಎರಕದ ಕಬ್ಬಿಣ) ಮಾಲು ಮಾಡುವವರು ಪರೀಕ್ಷೆಯ ಬಿಲ್ಲುಗಳನ್ನು ಕೂಡಿಟ್ಟುಕೊಂಡು ಕೇಳಬೇಕಾದ ಸವಲತ್ತು ಅದು.

ಸಿಲ್ವರ್‌ನಲ್ಲಿ 14 ಅಂಶ, ಗೋಲ್ಡ್‌ನಲ್ಲಿ 20. ಸಿಲ್ವರ್‌ನಲ್ಲಿ ಯಂತ್ರಗಳ ನಿಗದಿತ ನಿರ್ವಹಣೆ, ಅಳತೆ ಸಾಧನಗಳ ಕ್ಯಾಲಿಬ್ರೇಶನ್, ಪ್ರಕ್ರಿಯೆ ನಿಯಂತ್ರಣ, ವಿದ್ಯುತ್, ಪರಿಸರ, ಸಾಮಗ್ರಿ ಇವೆಲ್ಲ ಒಳಗೆ ಬರುತ್ತವೆ. ಅಂದರೆ ಫೌಂಡ್ರಿಯ ನಿಜವಾದ ಹೊಟ್ಟೆ. ಬ್ರಾಂಜ್‌ನಿಂದಲೇ ಶುರುಮಾಡಬೇಕೆಂಬ ಕಡ್ಡಾಯ ಇಲ್ಲ. 25 ಜನ ಕೆಲಸಗಾರರಿರುವ, ಈಗಾಗಲೇ ಐಎಸ್‌ಒ ಇರುವ ಫೌಂಡ್ರಿಗೆ ನಮ್ಮ ಸಲಹೆ ಇಷ್ಟೆ: ಬ್ರಾಂಜ್ ಬಿಡಿ. ಲೀನ್ ಹಿಡಿದು ಆರೇಳು ತಿಂಗಳ ನಿಜವಾದ ಅಂಕಿ ಕೂಡಿಸಿ, ಆಮೇಲೆ ನೇರ ಸಿಲ್ವರ್‌ಗೆ ಹೋಗಿ. ಒಮ್ಮೆ ಸಿಕ್ಕ ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯುಷ್ಯ.

ಲೀನ್: ಫೌಂಡ್ರಿಗೆ ಯಾವುದು ಹೊಂದುತ್ತದೆ

ಲೀನ್‌ನ ಉಪಕರಣಗಳು ಹೆಚ್ಚಾಗಿ ಜಪಾನಿನ ಕಾರು ಕಾರ್ಖಾನೆಯಲ್ಲಿ ಹುಟ್ಟಿದವು. ಫೈವ್ ಎಸ್ (ಜಾಗ ಒಪ್ಪವಾಗಿಡುವುದು), ಕೈಝನ್ (ದಿನದಿನದ ಸಣ್ಣ ಸುಧಾರಣೆ), ಕಾನ್‌ಬಾನ್ (ಬೇಕಾದಾಗ ಬೇಕಾದಷ್ಟೇ ಮಾಲು ಕೇಳುವ ಕಾರ್ಡು), ಪೋಕಾ ಯೋಕೆ (ತಪ್ಪು ಮಾಡಲು ಆಗದಂಥ ಏರ್ಪಾಟು), ಕಣ್ಣಿಗೆ ಕಾಣುವ ಬೋರ್ಡುಗಳು. ಅಲ್ಲಿ ದಿನವೂ ಒಂದೇ ಬಗೆಯ ಮಾಲು ಸಾಲಿನಲ್ಲಿ ಹರಿಯುತ್ತದೆ. ಉದ್ಯಮಬಾಗದ ಜಾಬಿಂಗ್ ಫೌಂಡ್ರಿಯಲ್ಲಿ ವಾರಕ್ಕೆ 60 ಪ್ಯಾಟರ್ನ್ ಹತ್ತಿ ಇಳಿಯುತ್ತವೆ, ಪಂಪಿನ ಕೇಸಿಂಗ್ ಒಂದು ದಿನ, ವಾಲ್ವ್ ಬಾಡಿ ಇನ್ನೊಂದು ದಿನ. ಇಲ್ಲಿ ಕಾನ್‌ಬಾನ್ ಕಾರ್ಡ್ ತೂಗಿಸುವುದು ಸಲಹೆಗಾರರ ವರದಿಗೆ ಚೆಂದ, ಕೆಲಸಕ್ಕೆ ಬರುವುದಿಲ್ಲ. ಪೋಕಾ ಯೋಕೆ ಮಾತ್ರ ಚೆನ್ನಾಗಿ ಬರುತ್ತದೆ. ಕೋರ್ ತಿರುವಿ ಕೂರದಂತೆ ಕೋರ್ ಪ್ರಿಂಟಿನ ಒಂದು ಬದಿಗೆ ಮೂಲೆ ಕತ್ತರಿಸುವುದು, ಮರಳಿನ ಅಚ್ಚು ಹಿಡಿಯುವ ಮೇಲಿನ ಮತ್ತು ಕೆಳಗಿನ ಬಾಕ್ಸು ಅದಲುಬದಲಾಗದಂತೆ ಒಂದು ಕಡೆ ದುಂಡನೆಯ ಬುಶ್, ಇನ್ನೊಂದು ಕಡೆ ಉದ್ದನೆಯ ಬುಶ್ ಹಾಕುವುದು. ನೂರಿನ್ನೂರು ರೂಪಾಯಿಯ ಕೆಲಸ, ಎರಡು ಅರ್ಧ ಸರಿದು ಕೂರುವ ಶಿಫ್ಟ್ ಎಂಬ ದೋಷ ಹೆಚ್ಚುಕಡಿಮೆ ನಿಲ್ಲುತ್ತದೆ. ಬುಶ್ ಸವೆದಿದ್ದರೆ ಮಾತ್ರ ಯಾವ ಪೋಕಾ ಯೋಕೆಯೂ ಉಳಿಸುವುದಿಲ್ಲ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಹೀಟ್ ನಂಬರ್, ಅಂದರೆ ಭಟ್ಟಿಯಲ್ಲಿ ಒಂದು ಸಲ ಕರಗಿಸಿದ ಲೋಹದ ಗುರುತು. ಗಿರಾಕಿಯ ಮಶೀನ್ ಶಾಪ್‌ನಲ್ಲಿ ಬೋರ್ ಹೊಡೆದಾಗ ತೂತು ಕಾಣಿಸಿತು ಎಂದು ಮೂರು ವಾರದ ಮೇಲೆ ಕಾಸ್ಟಿಂಗ್ ವಾಪಸು ಬರುತ್ತದೆ. ಅದು ಯಾವ ದಿನದ ಯಾವ ಹೀಟಿನದು ಎಂದು ಗೊತ್ತಿಲ್ಲದಿದ್ದರೆ ಕಾರಣ ಹುಡುಕುವುದು ಗಿಣಿಶಾಸ್ತ್ರ. ಸೀಮೆಸುಣ್ಣದಲ್ಲಿ ಬರೆದದ್ದು ಶಾಟ್ ಬ್ಲಾಸ್ಟಿಂಗ್‌ನಲ್ಲಿ ಅಳಿಸಿಹೋಗುತ್ತದೆ. ಪ್ಯಾಟರ್ನಿಗೇ ಬದಲಾಯಿಸಬಹುದಾದ ಸಣ್ಣ ಅಂಕಿಯ ಇನ್ಸರ್ಟ್ ಕೂರಿಸಿದರೆ ದಿನಾಂಕ ಮತ್ತು ಹೀಟ್ ಎರಡೂ ಲೋಹದಲ್ಲಿ ಮೂಡುತ್ತವೆ. ಇದಿಲ್ಲದೆ ಲೀನ್ ಶುರುಮಾಡುವುದು ದುಡ್ಡು ದಂಡ.

ಆಮೇಲೆ ದೋಷದ ಹೆಸರು. ಎಲ್ಲ ತೂತೂ ‘ಬ್ಲೋಹೋಲ್’ ಅಲ್ಲ. ತೂತಿನ ಒಳಗೋಡೆ ನುಣುಪಾಗಿ ಹೊಳೆಯುತ್ತಿದ್ದರೆ ಅದು ಗಾಳಿ: ಮರಳಿನ ತೇವ, ಕೋರಿನ ಗ್ಯಾಸು, ಅದು ಹೊರಹೋಗಲು ವೆಂಟ್ ಇಲ್ಲದ್ದು. ಒಳಗೆ ಒರಟಾಗಿ, ಹರಳುಹರಳಾಗಿ ಇದ್ದರೆ ಅದು ಕುಗ್ಗು: ರೈಸರ್ (ಲೋಹ ಕುಗ್ಗುವಾಗ ಹೆಚ್ಚಿನ ಲೋಹ ಒದಗಿಸುವ ಭಾಗ) ಸಾಲದು, ಅಥವಾ ದಪ್ಪ ಭಾಗಕ್ಕೆ ಲೋಹ ತಲುಪಿಲ್ಲ. ಮೊದಲನೆಯದಕ್ಕೆ ಮದ್ದು ಮರಳಿನ ಪ್ಲಾಂಟಿನಲ್ಲಿದೆ, ಎರಡನೆಯದಕ್ಕೆ ಪ್ಯಾಟರ್ನ್ ಶಾಪಿನಲ್ಲಿ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದರೆ ಆರು ತಿಂಗಳ ಅಂಕಿ ಇದ್ದೂ ಇಲ್ಲದಂತೆ. ಬ್ಲೋಹೋಲ್, ಕುಗ್ಗು, ಮರಳು ಸೇರಿದ್ದು, ಕೋಲ್ಡ್ ಶಟ್ (ಲೋಹ ತಣ್ಣಗಾಗಿ ಕೂಡದೆ ಉಳಿದ ಗೆರೆ), ಶಿಫ್ಟ್, ಒಡಕು, ಇತರೆ ಎಂದು ಏಳು ಕಾಲಂ ಸಾಕು. ‘ಇತರೆ’ ಶೇ 10 ದಾಟಿದರೆ ಬರೆಯುವವನು ನೋಡುತ್ತಿಲ್ಲ ಎಂದೇ ಅರ್ಥ.

ಬೆಳಗ್ಗೆ ಹತ್ತು ನಿಮಿಷದ ಮೀಟಿಂಗ್ ಆಫೀಸಿನಲ್ಲಿ ಬೇಡ, ರಿಜೆಕ್ಟ್ ರಾಶಿಯ ಎದುರು ನಿಂತೇ ಆಗಲಿ. ಮೋಲ್ಡಿಂಗ್, ಮೆಲ್ಟಿಂಗ್, ಕೋರ್, ಫೆಟ್ಲಿಂಗ್ ನಾಲ್ವರೂ ಇರಬೇಕು. ಒಬ್ಬ ತಪ್ಪಿಸಿಕೊಂಡರೂ ತಪ್ಪು ಅವನ ತಲೆಗೇ ಬರುತ್ತದೆ, ಮರುದಿನ ತಾನಾಗಿ ಬರುತ್ತಾನೆ.

ಮರಳಿನ ಪರೀಕ್ಷೆ ಪಾಳಿಗೆ ಎರಡು ಸಲ ಆಗಬೇಕು. ಗ್ರೀನ್ ಸ್ಯಾಂಡ್‌ನಲ್ಲಿ (ಜೇಡಿ, ನೀರು ಬೆರೆಸಿದ ಅಚ್ಚಿನ ಮರಳಿನಲ್ಲಿ) ತೇವ ಶೇ 3ರಿಂದ 4, ಕಾಂಪ್ಯಾಕ್ಟಬಿಲಿಟಿ (ಒತ್ತಿದಾಗ ಮರಳು ಶೇಕಡಾ ಎಷ್ಟು ಕುಗ್ಗುತ್ತದೆ ಎಂಬ ಅಳತೆ) 38ರಿಂದ 45ರ ನಡುವೆ ಇದ್ದರೆ ಸಾಮಾನ್ಯ ಕೆಲಸಕ್ಕೆ ಸರಿ. ಒಂದೇ ಅಂಕಿ ನೋಡುವುದಾದರೆ ಕಾಂಪ್ಯಾಕ್ಟಬಿಲಿಟಿ ನೋಡಿ. ತೇವದ ಅಂಕಿ ಸರಿಯಿದ್ದೂ ಮರಳನ್ನು ಹಿಡಿದಿಡುವ ಬೆಂಟೋನೈಟ್ ಜೇಡಿ ಸತ್ತಿದ್ದರೆ ಮರಳು ಕೈಕೊಡುತ್ತದೆ. ವಾಪಸು ಬರುವ ಮರಳು 50 ಡಿಗ್ರಿಗಿಂತ ಬಿಸಿ ಇದ್ದರೆ ತೇವ ಹಾರಿಹೋಗಿ ಬಾಕ್ಸಿನ ಮೂಲೆ ಉದುರುತ್ತದೆ, ತಣ್ಣನೆಯ ಪ್ಯಾಟರ್ನಿನ ಮೇಲೆ ಹಬೆ ಕೂತು ಮರಳು ಅಂಟುತ್ತದೆ. ಮೋಲ್ಡರ್ ಆಗ ನೀರು ಜಾಸ್ತಿ ಹಾಕಿಸುತ್ತಾನೆ. ಬ್ಲೋಹೋಲ್ ಶುರುವಾಗುವುದು ಅಲ್ಲಿಂದ.

ಕರೆಂಟಿನ ಲೆಕ್ಕ

ಲೀನ್‌ಗೆ ಹಾಕಿದ ಖರ್ಚು ವಾಪಸು ಬರುವ ಜಾಗ ಇದು. ಭಟ್ಟಿಗೆ ಪ್ರತ್ಯೇಕ ಮೀಟರ್ ಇರಲಿ, ಪ್ರತಿ ಹೀಟಿಗೆ ಯೂನಿಟ್ ಮತ್ತು ತೂಕ ಬರೆಯಲಿ. ಇಂಡಕ್ಷನ್ ಭಟ್ಟಿಯಲ್ಲಿ ಕಬ್ಬಿಣ ಕರಗಿಸಲು ಟನ್ನಿಗೆ 550ರಿಂದ 600 ಯೂನಿಟ್ ಅಂದರೆ ಒಳ್ಳೆಯ ಕೆಲಸ. ಅಂಕಿ ಬರೆಯದ ಸಣ್ಣ ಘಟಕಗಳಲ್ಲಿ 650, 700 ಆರಾಮವಾಗಿ ದಾಟುತ್ತದೆ.

ಎಲ್ಲಿ ಹೋಗುತ್ತದೆ? ಮುಚ್ಚಳ ತೆಗೆದೇ ಇಟ್ಟ ಭಟ್ಟಿಯಿಂದ ಶಾಖ ಮೇಲಕ್ಕೆ. ಕತ್ತರಿಸಿ ತೆಗೆದ ರನ್ನರ್ (ಲೋಹ ಹರಿದುಬರುವ ದಾರಿ), ರೈಸರ್‌ಗೆ ಅಂಟಿದ ಮರಳನ್ನು ಉದುರಿಸದೆ ವಾಪಸು ಹಾಕಿದರೆ ಆ ಮರಳನ್ನೂ ಕರಗಿಸಿ ಸ್ಲ್ಯಾಗ್ (ಕಿಟ್ಟ) ಮಾಡಿ ಎಸೆಯಬೇಕು, ದುಡ್ಡು ಎರಡು ಸಲ. ಬಾಕ್ಸ್ ತಯಾರಿಲ್ಲದೆ ಕರಗಿದ ಲೋಹ ಕಾಯುವ 15 ನಿಮಿಷ. ಕಣ್ಣಂದಾಜಿನಲ್ಲಿ 50 ಡಿಗ್ರಿ ಜಾಸ್ತಿ ಕಾಯಿಸಿದರೆ ಟನ್ನಿಗೆ 15 ಯೂನಿಟ್‌ಗೂ ಮೇಲೆ. ಇವು ಯಾವುದಕ್ಕೂ ಹೊಸ ಯಂತ್ರ ಬೇಡ. ಮುಚ್ಚಳ, ತಾಪಮಾಪಕ, ಮೋಲ್ಡಿಂಗ್ ಮತ್ತು ಮೆಲ್ಟಿಂಗ್ ನಡುವೆ ಮಾತು.

500 ಕಿಲೋದ ಭಟ್ಟಿ, ದಿನಕ್ಕೆ ಐದು ಹೀಟ್, ತಿಂಗಳಿಗೆ 25 ದಿನ ಅಂದರೆ 62.5 ಟನ್ ಲೋಹ. 680 ಯೂನಿಟ್ ಇದ್ದದ್ದು 610ಕ್ಕೆ ಇಳಿದರೆ ತಿಂಗಳಿಗೆ 4,375 ಯೂನಿಟ್ ಉಳಿತಾಯ. ಯೂನಿಟ್‌ಗೆ 7.50 ರೂಪಾಯಿ ಹಿಡಿದರೂ 32,800 ರೂಪಾಯಿ ಆಯಿತು. ಸಣ್ಣ ಘಟಕ ಸಿಲ್ವರ್‌ಗೆ ಕಟ್ಟುವ 16,000 ಒಂದೇ ತಿಂಗಳಲ್ಲಿ ಎರಡು ಸಲ ಬಂದಂತೆ.

ಇನ್ನೂ ಸರಿಯಾದ ಅಳತೆ ಎಂದರೆ ಒಳ್ಳೆಯ ಕಾಸ್ಟಿಂಗಿನ ಟನ್ನಿಗೆ ಎಷ್ಟು ಯೂನಿಟ್ ಎಂಬುದು. 100 ಕಿಲೋ ಲೋಹದಲ್ಲಿ ರನ್ನರ್-ರೈಸರ್ ಹೋಗಿ 62 ಕಿಲೋ ಕಾಸ್ಟಿಂಗ್, ಅದರಲ್ಲಿ ಶೇ 8 ರಿಜೆಕ್ಟ್ ಆದರೆ ಗಿರಾಕಿಗೆ ಹೋಗುವುದು 57 ಕಿಲೋ. 680ರ ಭಟ್ಟಿಯಲ್ಲಿ ಇದು ಟನ್ನಿಗೆ ಸುಮಾರು 1,190 ಯೂನಿಟ್. ರಿಜೆಕ್ಷನ್ ಶೇ 5ಕ್ಕೆ, ಭಟ್ಟಿ 610ಕ್ಕೆ ಇಳಿದರೆ ಸುಮಾರು 1,035. ಗಡಿಯಾಚೆ ಕೊಲ್ಲಾಪುರದ ಶಿರೋಳಿಯ ಫೌಂಡ್ರಿ ಜತೆ ದರ ಹೋಲಿಸುವಾಗ ಮಾತಾಡಬೇಕಾದ ಅಂಕಿ ಇದು. ಸಲಹೆಗಾರ ಬರೀ ಭಟ್ಟಿಯ ಯೂನಿಟ್ ತೋರಿಸಿದರೆ ಅರ್ಧ ಕಥೆ ಮಾತ್ರ ಹೇಳಿದ ಹಾಗೆ.

ಕಂಪ್ರೆಸ್ಸರ್ ಗಾಳಿಯ ಸೋರಿಕೆ ಇನ್ನೊಂದು. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತು ಸುಮಾರು 3.5 ಕಿಲೋವ್ಯಾಟ್ ನುಂಗುತ್ತದೆ. ದಿನಕ್ಕೆ 16 ತಾಸು, ವರ್ಷಕ್ಕೆ 300 ದಿನ ಅಂದರೆ 16,800 ಯೂನಿಟ್. ಪರೀಕ್ಷೆ ಸುಲಭ. ಊಟದ ಹೊತ್ತಿಗೆ ಎಲ್ಲ ಯಂತ್ರ ಬಂದ್ ಮಾಡಿ ಕಂಪ್ರೆಸ್ಸರ್ ಮಾತ್ರ ಓಡಿಸಿ. ಲೋಡ್ ಆಗಿ ಓಡಿದ ಸೆಕೆಂಡ್, ಖಾಲಿ ಓಡಿದ ಸೆಕೆಂಡ್ ಐದಾರು ಸಲ ಬರೆದುಕೊಳ್ಳಿ. ಲೋಡ್ 40, ಖಾಲಿ 120 ಬಂದರೆ 160ರಲ್ಲಿ 40, ಸೋರಿಕೆ ಶೇ 25. ಶೇ 10ರ ಒಳಗೆ ತರಬಹುದು. ಸೋರುವುದು ಹೆಚ್ಚಾಗಿ ಪೈಪಿನಲ್ಲಲ್ಲ, ಕ್ವಿಕ್ ಕಪ್ಲಿಂಗ್, ಹೋಸ್ ಕ್ಲಿಪ್, ಫಿಲ್ಟರಿನ ಬಟ್ಟಲು ಇವುಗಳಲ್ಲಿ. ಫೆಟ್ಲಿಂಗ್ ವಿಭಾಗದಿಂದ ಹುಡುಕಲು ಶುರುಮಾಡಿ.

ಮಶೀನ್ ಶಾಪಿಗೆ

ಹೈಡ್ರಾಲಿಕ್ ಬಿಡಿಭಾಗ ಮಾಡುವ ಘಟಕಗಳಿಗೆ ಲೀನ್ ಫೌಂಡ್ರಿಗಿಂತ ಬೇಗ ಹತ್ತುತ್ತದೆ. ಇಲ್ಲಿ ಲಾಭ ಬರುವುದು ಸೆಟ್ಟಿಂಗ್ ಸಮಯದಲ್ಲಿ. ವಿಎಂಸಿಯಲ್ಲಿ ದಿನಕ್ಕೆ ಎರಡು ಸಲ ಫಿಕ್ಸ್‌ಚರ್ (ಜಾಬು ಹಿಡಿದಿಡುವ ಚೌಕಟ್ಟು) ಬದಲಾಗುತ್ತದೆ, ಪ್ರತಿ ಸಲ 75 ನಿಮಿಷ. ಅದನ್ನು 30ಕ್ಕೆ ತಂದರೆ ತಿಂಗಳಿಗೆ 37 ತಾಸು ಮಶೀನ್ ಪುಕ್ಕಟೆ ಸಿಕ್ಕಂತೆ. ಟೇಬಲ್ ಮೇಲೆ ಡೋವೆಲ್ (ಜಾಗ ಹಿಡಿಯುವ ಗೂಟ) ಇರುವ ಬೇಸ್ ಪ್ಲೇಟ್ ಕಾಯಂ ಕೂರಿಸಿ, ಎಲ್ಲ ಫಿಕ್ಸ್‌ಚರ್‌ಗೂ ಅದೇ ತೂತುಗಳ ಅಂತರ ಕೊಟ್ಟರೆ ಡಯಲ್ ಹಿಡಿದು ನೇರ ಮಾಡುವ ಕೆಲಸವೇ ಇರುವುದಿಲ್ಲ. ಮುಂದಿನ ಜಾಬಿನ ಟೂಲು ಹೊರಗೇ ಹೋಲ್ಡರ್‌ಗೆ ಕಟ್ಟಿ, ಅದರ ಅಳತೆ (ಆಫ್‌ಸೆಟ್) ಬರೆದು ತಯಾರಿಡಬೇಕು.

ಇದು ಮುರಿದುಬೀಳುವುದು ಒಂದೇ ಕಡೆ: ಹೆಚ್ಚುವರಿ ಟೂಲ್ ಹೋಲ್ಡರ್ ಇರುವುದಿಲ್ಲ. ಮಶೀನಿನಲ್ಲಿ ಕೂತ ಹೋಲ್ಡರ್‌ಗಳೇ ಇರುವ ಅಷ್ಟೂ ಹೋಲ್ಡರ್ ಆದರೆ ಹೊರಗೆ ಕಟ್ಟುವುದಾದರೂ ಯಾವುದಕ್ಕೆ? 10ರಿಂದ 12 ಹೋಲ್ಡರ್ ಕೊಳ್ಳಲು ಮಾಲಕರು ಒಪ್ಪುವವರೆಗೆ ಉಳಿದದ್ದೆಲ್ಲ ಬರೀ ಮಾತು. ಈ ಖರ್ಚು ಶೇ 90ರ ನೆರವಿನಲ್ಲಿ ಬರುವುದಿಲ್ಲ, ಅದು ಸಲಹೆಯ ಶುಲ್ಕಕ್ಕೆ ಮಾತ್ರ. ಮೊದಲೇ ಗೊತ್ತಿದ್ದರೆ ಆಮೇಲೆ ಜಗಳ ಇಲ್ಲ.

ಮೈಕ್ರೊಮೀಟರ್, ಬೋರ್ ಗೇಜ್‌ಗಳನ್ನು ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಕ್ಯಾಲಿಬ್ರೇಟ್ ಮಾಡಿಸುತ್ತಾರೆ, ಪ್ರಮಾಣಪತ್ರವನ್ನು ಫೈಲಿಗೆ ಹಾಕುತ್ತಾರೆ. ಒಳಗೆ ಏನು ಬರೆದಿದೆ ಎಂದು ಓದುವವರು ಕಡಿಮೆ. ವಾಲ್ವಿನೊಳಗೆ ಜಾರುವ ಸ್ಪೂಲ್ ಮತ್ತು ಅದು ಕೂರುವ ಬೋರಿನ ನಡುವೆ ಬೇಕಾದ ಸಂದು ಕೆಲವೇ ಮೈಕ್ರಾನ್ ಇರುವಾಗ ಗೇಜಿನ ದೋಷವೇ 4 ಮೈಕ್ರಾನ್ ಎಂದಿದ್ದರೆ ಆ ಗೇಜ್ ಆ ಕೆಲಸಕ್ಕೆ ನಾಲಾಯಕ್ಕು, ಪ್ರಮಾಣಪತ್ರ ಇದ್ದರೂ.

ಸಲಹೆಗಾರರನ್ನು ಆರಿಸುವಾಗ

ಈ ಎರಡೂ ಸೇವೆಗಳ ದೊಡ್ಡ ಏರುಪೇರು ಇಲ್ಲೇ. ಯೋಜನೆ ಒಂದೇ ಆದರೂ ಬರುವ ಮನುಷ್ಯನ ಮೇಲೆ ಫಲ. ಮೊದಲ ದಿನ ಏನು ಅಳೆಯುತ್ತೀರಿ ಎಂದು ಕೇಳಿ. ಲ್ಯಾಪ್‌ಟಾಪ್ ತೆರೆದು ಸ್ಲೈಡ್ ತೋರಿಸಿದರೆ ಅನುಮಾನ ಪಡಿ. ರಿಜೆಕ್ಟ್ ರಾಶಿ ಎಲ್ಲಿದೆ ಎಂದು ಕೇಳಿದರೆ ಕುರ್ಚಿ ಕೊಡಿ, ಚಹಾ ತರಿಸಿ. ಫೌಂಡ್ರಿ ಗೊತ್ತಿಲ್ಲದ ಸಲಹೆಗಾರ ಎರಡು ತಿಂಗಳು ಬಣ್ಣ ಬಳಿಸುವುದರಲ್ಲೇ ಕಳೆಯುತ್ತಾನೆ. ಎಸ್‌ಜಿ ಐರನ್ ಮಾಡುವವರು ಒಂದು ಪ್ರಶ್ನೆ ಕೇಳಿ ಪರೀಕ್ಷಿಸಬಹುದು: ಮೆಗ್ನೀಶಿಯಂ ಸೇರಿಸಿದ ಮೇಲೆ ಎಷ್ಟು ನಿಮಿಷದೊಳಗೆ ಎರೆದು ಮುಗಿಸಬೇಕು? ಹತ್ತು ಹನ್ನೆರಡು ನಿಮಿಷ ದಾಟಿದರೆ ಮೆಗ್ನೀಶಿಯಂ ಸತ್ತು ಗುಂಡು ಗ್ರಾಫೈಟ್ ಕೆಡುತ್ತದೆ ಎಂದು ಗೊತ್ತಿರುವವನಿಗೆ ಮಾತ್ರ ಆ ಲೈನಿನ ಓಡಾಟವನ್ನು ಬದಲಾಯಿಸಲು ಅಧಿಕಾರ ಕೊಡಿ.

ಭಾಷೆಯ ತೊಡಕೂ ಸಣ್ಣದಲ್ಲ. ತರಬೇತಿಯ ಸಾಮಗ್ರಿ ಹೆಚ್ಚಾಗಿ ಇಂಗ್ಲಿಷ್, ಹಿಂದಿ. ಇಲ್ಲಿನ ನೆಲದಲ್ಲಿ ಕನ್ನಡ, ಮರಾಠಿ, ಮೋಲ್ಡಿಂಗ್ ಸಾಲಿನಲ್ಲಿ ಉತ್ತರದಿಂದ ಬಂದವರ ಹಿಂದಿ. ಕೆಲಸದ ಕ್ರಮ ಹೇಳುವ ಎರಡು ಪುಟದ ಎಸ್‌ಒಪಿಯನ್ನು ಯಾವ ಭಾಷೆಯಲ್ಲಿ ಅಚ್ಚುಹಾಕಿಸಿದರೂ ಓದುವವರಿಲ್ಲ. ಸರಿಯಾದ ಕೋರಿನ ಫೋಟೊ, ಕೆಟ್ಟ ಕೋರಿನ ಫೋಟೊ ಪಕ್ಕಪಕ್ಕ, ಕೆಳಗೆ ಒಂದೊಂದು ಸಾಲು ಕನ್ನಡ ಮತ್ತು ಮರಾಠಿ. ಸಲಹೆಗಾರರಿಂದ ಇದನ್ನು ಮೊದಲ ತಿಂಗಳಲ್ಲೇ ಪಡೆಯಬೇಕು, ಕೊನೆಯ ವರದಿಯಲ್ಲಲ್ಲ.

ಯಾರಿಗೆ ಬೇಡ ಎಂದೂ ಹೇಳಬೇಕು. ಒಬ್ಬ ಸುಪರ್‌ವೈಸರ್‌ನನ್ನು ದಿನಕ್ಕೆ ಒಂದು ತಾಸು ಈ ಕೆಲಸಕ್ಕೇ ಬಿಡಲು ಆಗದ ಘಟಕಕ್ಕೆ ಲೀನ್ ಬೇಡ, ಶೇ 10 ಕೂಡ ನಷ್ಟ. ಐದು ಜನರ, ಒಂದೇ ಗಿರಾಕಿಯ ಜಾಬ್‌ವರ್ಕ್ ಶಾಪಿಗೆ ಬ್ರಾಂಜ್ ಸಾಕು. ಸಿಲ್ವರ್‌ನ 14 ಅಂಶಗಳ ಕಾಗದ ಸಂಭಾಳಿಸಲು ಅಲ್ಲಿ ಮನುಷ್ಯರಿಲ್ಲ. ರಿಜೆಕ್ಷನ್ ಅಂಕಿ ಮೇಲೆ ಬಂದಾಗ ಕೆಲಸಗಾರರ ಪಗಾರ ಕತ್ತರಿಸುವ ಅಭ್ಯಾಸ ಇರುವಲ್ಲಂತೂ ಶುರುಮಾಡುವುದೇ ಬೇಡ. ಎರಡನೇ ವಾರದಿಂದ ಕೆಟ್ಟ ಕಾಸ್ಟಿಂಗ್‌ಗಳು ನೇರ ಭಟ್ಟಿಗೆ ಹೋಗುತ್ತವೆ, ಬೋರ್ಡಿನ ಮೇಲೆ ಸೊನ್ನೆ ಕಾಣುತ್ತದೆ, ಕರೆಂಟ್ ಬಿಲ್ಲು ಮಾತ್ರ ಇಳಿಯುವುದಿಲ್ಲ.

ಶುರುಮಾಡಲು ಒಳ್ಳೆಯ ಕಾಲ ಫೆಬ್ರುವರಿ, ಮಾರ್ಚ್. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ. ಹೊಸ ಮರಳು ಒದ್ದೆ, ಬೆಂಟೋನೈಟ್ ಚೀಲ ಗಟ್ಟಿ, ಸಿಲಿಕೇಟ್-ಸಿಒಟು (ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಟ್ಟಿಮಾಡುವ) ಕೋರ್ ಎರಡು ದಿನ ಇಟ್ಟರೆ ಪುಡಿಪುಡಿ. ಬೇಸಿಗೆಯಲ್ಲಿ ಮೂರು ತಿಂಗಳ ಅಂಕಿ ಹಿಡಿದಿಟ್ಟುಕೊಂಡರೆ ಮಳೆಗಾಲದಲ್ಲಿ ಏರುವ ಬ್ಲೋಹೋಲ್ ಎಷ್ಟು ಮಳೆಯದ್ದು, ಎಷ್ಟು ನಮ್ಮದು ಎಂದು ಬೇರೆ ಮಾಡಬಹುದು. ಜೂನ್‌ನಲ್ಲಿ ಶುರುಮಾಡಿ ಡಿಸೆಂಬರ್‌ನಲ್ಲಿ ಮುಗಿಸಿದರೆ ರಿಜೆಕ್ಷನ್ ತಾನಾಗಿಯೇ ಇಳಿದಿರುತ್ತದೆ, ವರದಿಯಲ್ಲಿ ಅದು ಸಲಹೆಗಾರರ ಸಾಧನೆ ಎಂದು ದಾಖಲಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳನ್ನು ಬೋರ್ಡಿನ ಮೇಲೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಸಿ, ಹೋಲಿಸುವುದಾದರೆ ಜುಲೈಯನ್ನು ಮುಂದಿನ ವರ್ಷದ ಜುಲೈ ಜತೆಗೇ ಹೋಲಿಸಿ.